ಹಿಟ್ಟಿನಿಂದ ಏನೂ ತೆಗೆಯಬೇಡಿ ಎಂದ ಡಾಕ್ಟರು

1914ರ ಕೊನೆಯ ತಿಂಗಳುಗಳು. ಗಾಂಧೀಜಿ ಲಂಡನ್ನಿನಲ್ಲಿ ಪ್ಲೂರಿಸಿ, ಅಂದರೆ ಶ್ವಾಸಕೋಶದ ಪೊರೆಯ ಉರಿಯೂತ, ಹಿಡಿದು ಮಲಗಿದ್ದರು. ಎದೆನೋವು ಬಿಡುತ್ತಿರಲಿಲ್ಲ. ಜೀವರಾಜ ಮೆಹ್ತಾ ಔಷಧೋಪಚಾರ ನೋಡಿಕೊಳ್ಳುತ್ತಿದ್ದರು. ಮುಂದೆ ಗುಜರಾತಿನ ಮೊದಲ ಮುಖ್ಯಮಂತ್ರಿಯಾದವರು ಇವರೇ. ಹಾಲು ಕುಡಿಯಿರಿ, ಧಾನ್ಯ ತಿನ್ನಿ ಎಂದು ಮೆಹ್ತಾ ಎಷ್ಟು ಹೇಳಿದರೂ ಗಾಂಧಿ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಹಳೆಯ ಪರಿಚಯದ ಇನ್ನೊಬ್ಬ ಡಾಕ್ಟರಿಗೆ ಹೇಳಿ ಕಳಿಸಿದರು. ಅವರು ಬಂದು ನೋಡಿ, ಹಾಲು ಬೇಡವೇ ಬೇಡ ಎಂದರು. ಸಾದಾ ಕಂದು ಬ್ರೆಡ್, ಹಸಿ ಬೀಟ್‌ರೂಟ್, ಮೂಲಂಗಿ, ಈರುಳ್ಳಿ, ಕಿತ್ತಳೆ ತಿನ್ನಿ ಎಂದರು. ಕಿಟಕಿಗಳನ್ನು ಹಗಲೂ ರಾತ್ರಿ ತೆರೆದೇ ಇಡಬೇಕು ಎಂದೂ ಹೇಳಿದರು. ಕಿಟಕಿ ಪೂರ್ತಿ ತೆರೆದರೆ ಮಳೆ ಒಳಗೆ ಬರುತ್ತಿತ್ತು, ಮೇಲಿನ ಗವಾಕ್ಷಿ ತೆರೆಯುವಂತಿರಲಿಲ್ಲ. ಗಾಂಧಿ ಅದರ ಗಾಜನ್ನೇ ಒಡೆಸಿದರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಆ ಡಾಕ್ಟರ ಹೆಸರು ಥಾಮಸ್ ರಿಚರ್ಡ್ ಆಲಿನ್ಸನ್. ಆದರೆ ಕಾಗದದ ಮೇಲೆ ಅವರು ಡಾಕ್ಟರಾಗಿ ಉಳಿದಿರಲಿಲ್ಲ. 22 ವರ್ಷ ಹಿಂದೆಯೇ ವೈದ್ಯರ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದ್ದರು. ಹೆಸರು ಉಳಿದದ್ದು ಹಿಟ್ಟಿನ ಚೀಲದ ಮೇಲೆ, ಬ್ರೆಡ್ಡಿನ ಹೊದಿಕೆಯ ಮೇಲೆ. ಇಂಗ್ಲೆಂಡಿನ ಅಂಗಡಿಗಳಲ್ಲಿ ಇವತ್ತಿಗೂ ಆಲಿನ್ಸನ್ ಎಂದರೆ ಒಂದು ಬ್ರ್ಯಾಂಡು.

ಅವರ ಕಥೆಗೆ ಮೊದಲು ಗೋಧಿಯ ಕಥೆ ಸ್ವಲ್ಪ ಗೊತ್ತಿರಬೇಕು. ಒಂದು ಗೋಧಿ ಕಾಳಿನಲ್ಲಿ ಮೂರು ಭಾಗ. ಹೊರಗಿನ ಸಿಪ್ಪೆ, ಅಂದರೆ ಬೂಸಾ, ಸುಮಾರು 14-15 ಪರ್ಸೆಂಟ್. ಮೊಳಕೆಯೊಡೆಯುವ ಕಣ್ಣು 2-3 ಪರ್ಸೆಂಟ್. ಉಳಿದದ್ದೆಲ್ಲ ಒಳಗಿನ ಬಿಳಿ ತಿರುಳು. ಕಲ್ಲಿನಲ್ಲಿ ಬೀಸಿದರೆ ಮೂರೂ ಒಟ್ಟಿಗೆ ಅರೆದುಹೋಗುತ್ತವೆ. ಆಮೇಲೆ ಎಷ್ಟೇ ಜರಡಿ ಹಿಡಿದರೂ ಪೂರ್ತಿ ಬೇರೆಯಾಗುವುದಿಲ್ಲ. ಅದಕ್ಕೇ ಹಳೆಯ ಕಾಲದಲ್ಲಿ ಅಚ್ಚ ಬಿಳಿ ಬ್ರೆಡ್ ಶ್ರೀಮಂತರ ಮನೆಯ ತಿನಿಸಾಗಿತ್ತು. ಬಡವರಿಗೂ ಬಿಳಿಯದೇ ಆಸೆ. ಆ ಆಸೆ ಗೊತ್ತಿದ್ದ ಲಂಡನ್ನಿನ ಕೆಲವು ಬೇಕರಿಯವರು ಹಿಟ್ಟಿಗೆ ಪಟಿಕ ಬೆರೆಸಿ ಬೆಳ್ಳಗೆ ಮಾಡಿ ಮಾರುತ್ತಿದ್ದರು.

1870ರ ದಶಕದಲ್ಲಿ ರೋಲರ್ ಗಿರಣಿ ಬಂತು. ಈ ತಂತ್ರ ಪಳಗಿದ್ದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಇಂಗ್ಲೆಂಡಿನಲ್ಲಿ ಹೆನ್ರಿ ಸೈಮನ್ ಎಂಬ ಎಂಜಿನಿಯರ್ 1878ರಲ್ಲಿ ಮ್ಯಾಂಚೆಸ್ಟರಿನ ಮೆಕ್‌ಡೂಗಲ್ ಗಿರಣಿಯಲ್ಲಿ ಇದನ್ನು ಕೂರಿಸಿದರು. ಉಕ್ಕಿನ ಉರುಳೆಗಳು ಕಾಳನ್ನು ಅರೆಯುವುದಿಲ್ಲ, ಬಿಡಿಸುತ್ತವೆ. ಸಿಪ್ಪೆ ಒಂದು ಕಡೆ, ಕಣ್ಣು ಒಂದು ಕಡೆ, ತಿರುಳು ಒಂದು ಕಡೆ. ಗಿರಣಿಯವರಿಗೆ ಇದರಲ್ಲಿ ಡಬಲ್ ಲಾಭ. ಹಿಟ್ಟು ಬೆಳ್ಳಗಿರುತ್ತಿತ್ತು, ಜಾಸ್ತಿ ದಿನ ಕೆಡದೆ ಇರುತ್ತಿತ್ತು. ಗೋಧಿಯ ಎಣ್ಣೆ ಇರುವುದು ಆ ಪುಟ್ಟ ಕಣ್ಣಿನಲ್ಲಿ. ಅದು ಹೋದರೆ ಹಿಟ್ಟು ಕಮಟು ಹಿಡಿಯುವುದು ತಡ. ಬಿಳಿ ಹಿಟ್ಟು ಗೆದ್ದದ್ದಕ್ಕೆ ರುಚಿಯಷ್ಟೇ ಕಾರಣ ಎಂದು ನನಗೆ ಅನಿಸುವುದಿಲ್ಲ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರುವ ತಾಳ್ಮೆ ಅದಕ್ಕಿತ್ತು.

ಎಲ್ಲರೂ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. 1880ರಲ್ಲಿ ಮೇ ಯೇಟ್ಸ್ ಎಂಬ ಹೆಣ್ಣುಮಗಳು ಲಂಡನ್ನಿನಲ್ಲಿ ಬ್ರೆಡ್ ರಿಫಾರ್ಮ್ ಲೀಗ್ ಕಟ್ಟಿ, ಇಡೀ ಗೋಧಿಯ ಬ್ರೆಡ್ ತಿನ್ನಿ ಎಂದು ಸಾರತೊಡಗಿದರು. ರಿಚರ್ಡ್ ಸ್ಮಿತ್ ಎಂಬ ಗಿರಣಿಯವರು ಗೋಧಿ ಕಣ್ಣನ್ನು ಆವಿಯಲ್ಲಿ ಬೇಯಿಸಿ, ಕೆಡದಂತೆ ಮಾಡಿ, ಮತ್ತೆ ಹಿಟ್ಟಿಗೇ ಸೇರಿಸುವ ವಿಧಾನಕ್ಕೆ 1887ರಲ್ಲಿ ಪೇಟೆಂಟ್ ಪಡೆದರು. ಅದಕ್ಕೆ ಹೆಸರು ಸೂಚಿಸಿ ಎಂದು ಸ್ಪರ್ಧೆ ನಡೆಯಿತು. ಮನುಷ್ಯನ ಬಲ ಎಂಬ ಅರ್ಥದ ಲ್ಯಾಟಿನ್ ಪದಗಳು 'ಹೊಮಿನಿಸ್ ವಿಸ್'. ಅದನ್ನೇ ಚಿಕ್ಕದು ಮಾಡಿ ಹೋವಿಸ್ ಎಂದಿಟ್ಟರು. ಹೋವಿಸ್ ಹೆಸರು ನೆನಪಿರಲಿ, ಆಮೇಲೆ ಬರುತ್ತದೆ.

ಆಲಿನ್ಸನ್ ಹುಟ್ಟಿದ್ದು 1858ರಲ್ಲಿ, ಮ್ಯಾಂಚೆಸ್ಟರಿನ ಹ್ಯೂಮ್‌ನಲ್ಲಿ. ಎಡಿನ್‌ಬರೋದಲ್ಲಿ ಓದಿ 1879ರಲ್ಲಿ ವೈದ್ಯರಾದರು. 1885ರ ಹೊತ್ತಿಗೆ ಲಂಡನ್ನಿನ ಮ್ಯಾರಿಲಬೋನ್‌ನಲ್ಲಿ ನೆಲೆಸಿ ಚಿಕಿತ್ಸೆ ಶುರು ಮಾಡಿದರು. ಆಗಿನ ಔಷಧಿಗಳಲ್ಲಿ ಪಾದರಸ, ಅಫೀಮು, ಆರ್ಸೆನಿಕ್ ಮಾಮೂಲಿ. ಇವರು ಔಷಧಿಯೇ ಬೇಡ ಎನ್ನುತ್ತಿದ್ದರು. ಮಾಂಸ ಬಿಡಿ, ತಂಬಾಕು ಬಿಡಿ, ಹೆಂಡ ಬಿಡಿ, ಕಿಟಕಿ ತೆರೆಯಿರಿ, ನಡೆಯಿರಿ, ಇಡೀ ಗೋಧಿಯ ಬ್ರೆಡ್ ತಿನ್ನಿ. ಇಷ್ಟೇ ಅವರ ಚೀಟಿ. ಪತ್ರಿಕೆಯ ಅಂಕಣದಲ್ಲಿ ಓದುಗರ ಕಾಯಿಲೆಗಳಿಗೆ ಉತ್ತರ ಬರೆದು ಮನೆಮಾತಾದರು. ಮಾತು ಮಾತ್ರ ಬಹಳ ಖಾರ. ಜೊತೆಯ ವೈದ್ಯರನ್ನು ವಿಷ ಕೊಡುವವರು ಎನ್ನುವ ಧಾಟಿಯಲ್ಲೇ ಬರೆಯುತ್ತಿದ್ದರು.

ಅವರನ್ನು ಮೊದಲು ಹೊರಹಾಕಿದ್ದು ವೈದ್ಯರಲ್ಲ, ಸಸ್ಯಾಹಾರಿಗಳು. ಲಂಡನ್ ವೆಜಿಟೇರಿಯನ್ ಸೊಸೈಟಿಯ ಅಧ್ಯಕ್ಷ ಆರ್ನಾಲ್ಡ್ ಹಿಲ್ಸ್ ಥೇಮ್ಸ್ ಐರನ್‌ವರ್ಕ್ಸ್ ಮಾಲೀಕರು. ಆ ಕಾರ್ಖಾನೆಯ ಫುಟ್‌ಬಾಲ್ ತಂಡವೇ ಮುಂದೆ ವೆಸ್ಟ್ ಹ್ಯಾಮ್ ಯುನೈಟೆಡ್ ಆಯಿತು. ಹಿಲ್ಸ್ ಮಹಾ ನೀತಿವಂತರು. ಆಲಿನ್ಸನ್ ಸಂತಾನ ನಿಯಂತ್ರಣದ ಪರ ಪ್ರಚಾರ ಮಾಡುತ್ತಿದ್ದರು. ಇಂಥವರು ನಮ್ಮ ಸಂಘದಲ್ಲಿ ಇರಬಾರದು ಎಂದು 1891ರಲ್ಲಿ ಠರಾವು ಬಂತು. ಕಮಿಟಿಯಲ್ಲಿದ್ದ 21 ವರ್ಷದ ಕಾನೂನು ವಿದ್ಯಾರ್ಥಿ ಗಾಂಧಿಗೆ ಇದು ಸರಿ ಕಾಣಲಿಲ್ಲ. ಸಂತಾನ ನಿಯಂತ್ರಣದ ವಿಷಯದಲ್ಲಿ ಗಾಂಧಿ ಹಿಲ್ಸ್ ಕಡೆಯೇ. ಆದರೆ ಸಂಘದ ಉದ್ದೇಶ ಸಸ್ಯಾಹಾರ, ನೀತಿಪಾಠವಲ್ಲವಲ್ಲ ಎಂಬುದು ಅವರ ತಕರಾರು. ಭಾಷಣ ಬರೆದುಕೊಂಡು ಹೋದರು. ಎದ್ದು ಓದಲು ಧೈರ್ಯ ಬರಲಿಲ್ಲ. ಅಧ್ಯಕ್ಷರು ಅದನ್ನು ಬೇರೆಯವರಿಂದ ಓದಿಸಿದರು. ಆಲಿನ್ಸನ್ ಸೋತರು.

ಮರುವರ್ಷ, 1892ರಲ್ಲಿ, ವೈದ್ಯರ ಪಟ್ಟಿ ಇಡುವ ಜನರಲ್ ಮೆಡಿಕಲ್ ಕೌನ್ಸಿಲ್ ಅವರ ಹೆಸರನ್ನು ತೆಗೆಯಿತು. ಆರೋಪ ನೇರವಾಗಿತ್ತು. ಬೇರೆ ವೈದ್ಯರ ಹತ್ತಿರ ಹೋಗಬೇಡಿ, ನನ್ನ ಹತ್ತಿರ ಬನ್ನಿ, ಫೀ ಇಷ್ಟು ಎಂದು ಜಾಹೀರಾತು ಕೊಟ್ಟಿದ್ದರು. ಅವರು ಕೋರ್ಟಿಗೆ ಹೋದರು. 1894ರಲ್ಲಿ ಅಪೀಲು ಕೋರ್ಟೂ ಕೌನ್ಸಿಲ್ ಮಾಡಿದ್ದೇ ಸರಿ ಎಂದಿತು. ಒಬ್ಬ ವೃತ್ತಿಪರ ಯಾವಾಗ ಲಜ್ಜೆಗೇಡಿ ನಡತೆಯ ತಪ್ಪಿತಸ್ಥನಾಗುತ್ತಾನೆ ಎಂದು ಆ ತೀರ್ಪು ವಿವರಿಸಿತು. ಅದೇ ವೃತ್ತಿಯ ಒಳ್ಳೆಯ ಹೆಸರಿನ, ಬಲ್ಲ ಜನರಿಗೆ ಅದು ಅವಮಾನಕರ ಎನಿಸಬೇಕು. ಕಾನೂನು ಓದುವವರು ಇವತ್ತಿಗೂ ಆಲಿನ್ಸನ್ ಕೇಸ್ ಓದುತ್ತಾರೆ. ನಮ್ಮ ದೇಶದ ಕೋರ್ಟುಗಳೂ ಅದನ್ನು ಉಲ್ಲೇಖಿಸಿವೆ. ಅದನ್ನು ಓದುವ ಎಷ್ಟು ಲಾಯರುಗಳಿಗೆ ಇದು ಬ್ರೆಡ್ ಕಂಪನಿಯವರ ಕೇಸು ಅಂತ ಗೊತ್ತಿರುತ್ತದೋ ಏನೋ!

ಕಂಪನಿ ಹುಟ್ಟಿದ್ದು ಅದೇ 1892ರಲ್ಲಿ. ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ ಬೀಸುವ ಕಲ್ಲಿನ ಒಂದು ಗಿರಣಿ ಕೊಂಡರು. ನ್ಯಾಚುರಲ್ ಫುಡ್ ಕಂಪನಿ ಎಂದು ಹೆಸರಿಟ್ಟರು. ಔಷಧಿಯಿಲ್ಲದೆ ಆರೋಗ್ಯ ಎಂಬುದು ಘೋಷಣೆ. ಊರೆಲ್ಲ ಉಕ್ಕಿನ ಉರುಳೆಗೆ ತಿರುಗುತ್ತಿದ್ದಾಗ ಈ ಮನುಷ್ಯ ಹಿಂದಕ್ಕೆ, ಕಲ್ಲಿಗೆ ತಿರುಗಿದರು. ಒಳಗೆ ಹಾಕಿದ ಕಾಳೆಲ್ಲ ಹಿಟ್ಟಾಗಿ ಹೊರಗೆ ಬರಬೇಕು, ಬೂಸಾ ದನಕ್ಕೆ ಹೋಗಬಾರದು ಎಂಬುದು ಅವರ ಹಟ. ಬೂಸಾ ಎಂದರೆ ನಮಗೂ ಕೆಲಸಕ್ಕೆ ಬಾರದ್ದು ಎಂದೇ ಅರ್ಥ. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯಕ್ಕೆ ಆ ಪದ ಬಳಸಿ ಎಬ್ಬಿಸಿದ ಗದ್ದಲ ಹಿರಿಯರಿಗೆ ನೆನಪಿರಬಹುದು. ಆಲಿನ್ಸನ್ ಕೇಳಿದ್ದರೆ ಅದನ್ನು ಹೊಗಳಿಕೆ ಎಂದುಕೊಳ್ಳುತ್ತಿದ್ದರು.

ವ್ಯಾಪಾರದಲ್ಲೂ ಪಳಗಿದ ಕೈ. ಅವರ ಅಡುಗೆ ಪುಸ್ತಕ ತೆರೆದರೆ ಸಾಮಾನಿನ ಪಟ್ಟಿಯಲ್ಲಿ ಬರೀ ಗೋಧಿ ಹಿಟ್ಟು ಎಂದಿರುವುದಿಲ್ಲ, ಆಲಿನ್ಸನ್ ಗೋಧಿ ಹಿಟ್ಟು ಎಂದಿರುತ್ತದೆ. ಜಾಹೀರಾತು ಕೊಟ್ಟಿದ್ದಕ್ಕೆ ಪದವಿ ಕಳೆದುಕೊಂಡವರಿಗೆ ಈಗ ತಡೆಯುವವರು ಯಾರಿದ್ದರು?

ಅವರನ್ನು ದೇವರು ಮಾಡುವುದು ನನಗೆ ಇಷ್ಟವಿಲ್ಲ. ಬ್ರೆಡ್ ವಿಷಯದಲ್ಲಿ, ತಂಬಾಕಿನ ವಿಷಯದಲ್ಲಿ ಕಾಲಕ್ಕಿಂತ ಮುಂದಿದ್ದರು, ನಿಜ. ಮದುವೆಯಾದ ಹೆಂಗಸರಿಗಾಗಿ ಸಂತಾನ ನಿಯಂತ್ರಣದ ಪುಸ್ತಕ ಬರೆದು, ಅದು ಅಶ್ಲೀಲ ಎಂದು 1901ರಲ್ಲಿ ದಂಡ ಕಟ್ಟಿದರು. ಅದೂ ಧೈರ್ಯವೇ. ಆದರೆ ಅದೇ ಹಟದಲ್ಲಿ ಸಿಡುಬಿನ ಲಸಿಕೆಯನ್ನೂ ವಿರೋಧಿಸಿದರು. ಅದು ಶುದ್ಧ ತಪ್ಪು. ಎಲ್ಲಾ ಔಷಧಿಯೂ ಬೇಡ ಎನ್ನುವವರು ಒಂದೆರಡು ಕಡೆ ಸರಿ ಹೊಡೆದರೆ ಉಳಿದದ್ದೂ ಸರಿ ಅಂತ ನಂಬುವ ಜನ ಆಗಲೂ ಇದ್ದರು, ಈಗಲೂ ಇದ್ದಾರೆ.

ಇತ್ತ ಗಾಂಧಿಯೂ ಸುಮ್ಮನೆ ಕೂತಿರಲಿಲ್ಲ. ಜೋಹಾನ್ಸ್‌ಬರ್ಗಿನಲ್ಲಿದ್ದಾಗ ಗಿರಣಿ ಹಿಟ್ಟು ಬೇಡವೆಂದು 7 ಪೌಂಡು ಕೊಟ್ಟು ಕೈಗಿರಣಿ ತಂದರು. ಅದರ ಕಬ್ಬಿಣದ ಚಕ್ರ ಒಬ್ಬರ ಕೈಲಿ ತಿರುಗುತ್ತಿರಲಿಲ್ಲ. ಗಾಂಧಿ, ಗೆಳೆಯ ಪೋಲಾಕ್, ಮಕ್ಕಳು ಸೇರಿ ಬೀಸುತ್ತಿದ್ದರು. ಕಸ್ತೂರಬಾ ಆಗಾಗ ಕೈ ಸೇರಿಸುತ್ತಿದ್ದರು. ಅಲ್ಲಿ ಅವರು ಮಾಡುತ್ತಿದ್ದುದು ಕೂನೆ ಎಂಬ ಜರ್ಮನ್ ಪ್ರಕೃತಿ ಚಿಕಿತ್ಸಕರ ವಿಧಾನದ, ಹುದುಗು ಹಾಕದ ಬ್ರೆಡ್. ಹುದುಗಿಲ್ಲದ ಇಡೀ ಗೋಧಿ ಬ್ರೆಡ್ ಎಂದರೆ ನಮ್ಮ ಚಪಾತಿಯ ಚಿಕ್ಕಪ್ಪನ ಮಗ ತಾನೆ!

ಆಲಿನ್ಸನ್ 1918ರಲ್ಲಿ ತೀರಿಕೊಂಡರು. ಕಂಪನಿ ಆಮೇಲೆ ಬೆಳೆಯಿತು. ಯಾರ್ಕ್‌ಶೈರಿನ ಕ್ಯಾಸಲ್‌ಫರ್ಡ್‌ನಲ್ಲಿ ಏರ್ ನದಿಯ ದಂಡೆಯ ಕ್ವೀನ್ಸ್ ಮಿಲ್ ಅದರ ಮುಖ್ಯ ಗಿರಣಿಯಾಯಿತು. ಅಲ್ಲಿ ಸಾಲುಸಾಲು ಬೀಸುವ ಕಲ್ಲುಗಳು.

ಎರಡನೇ ಮಹಾಯುದ್ಧದಲ್ಲಿ ವಿಚಿತ್ರ ನಡೆಯಿತು. ಜರ್ಮನ್ ಸಬ್‌ಮರೀನುಗಳು ಗೋಧಿ ಹಡಗುಗಳನ್ನು ಮುಳುಗಿಸುತ್ತಿದ್ದವು. ಒಂದು ಕಾಳನ್ನೂ ದನಕ್ಕೆ ಹಾಕುವಂತಿರಲಿಲ್ಲ. 1942ರಲ್ಲಿ ಸರಕಾರ ನ್ಯಾಷನಲ್ ಲೋಫ್ ಎಂಬ ಬ್ರೆಡ್ ತಂದಿತು. 100 ಕಿಲೋ ಗೋಧಿಗೆ 85 ಕಿಲೋ ಹಿಟ್ಟು ತೆಗೆಯಬೇಕು ಎಂದು ಆದೇಶ. ಬಿಳಿ ಹಿಟ್ಟಿನಲ್ಲಿ ಇದು 70ರ ಆಸುಪಾಸು. ಅಂತೂ ಆಲಿನ್ಸನ್ ಬೇಡಿಕೊಂಡದ್ದರ ಹತ್ತಿರ ಹತ್ತಿರ ಇಡೀ ದೇಶವೇ ಬಂತು. ಜನ ಮಾತ್ರ ಆ ಬೂದು ಬಣ್ಣದ ಬ್ರೆಡ್ಡನ್ನು ಬೈದುಕೊಂಡೇ ತಿಂದರು. ಹಿಟ್ಲರನ ಗುಪ್ತಾಸ್ತ್ರ ಎಂದು ಗೇಲಿ ಮಾಡಿದರು.

ಯುದ್ಧ ಮುಗಿದ ಮೇಲೆ ಆಲಿನ್ಸನ್ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಒಂದು ಪ್ರಯೋಗದಿಂದ. ರಾಬರ್ಟ್ ಮೆಕಾನ್ಸ್ ಮತ್ತು ಎಲ್ಸಿ ವಿಡೋಸನ್ ಎಂಬ ವಿಜ್ಞಾನಿಗಳು 1947ರಲ್ಲಿ ಜರ್ಮನಿಯ ಡೂಯಿಸ್‌ಬರ್ಗ್ ಮತ್ತು ವುಪ್ಪರ್ಟಾಲ್ ಅನಾಥಾಲಯಗಳ ಬಡಕಲು ಮಕ್ಕಳಿಗೆ ಬೇರೆ ಬೇರೆ ಬಗೆಯ ಬ್ರೆಡ್ ಕೊಟ್ಟು ನೋಡಿದರು. ಕೆಲವರಿಗೆ ಇಡೀ ಗೋಧಿಯದು, ಕೆಲವರಿಗೆ ಬಿಳಿಯದು. ಜೊತೆಗೆ ತರಕಾರಿ. ಎಲ್ಲಾ ಗುಂಪಿನ ಮಕ್ಕಳೂ ಒಂದೇ ಥರ ಬೆಳೆದರು! ಗಿರಣಿಯವರಿಗೆ ಹಬ್ಬ. 1956ರಲ್ಲಿ ನ್ಯಾಷನಲ್ ಲೋಫ್ ಹೋಯಿತು. ಬಿಳಿ ಹಿಟ್ಟಿಗೆ ಕಬ್ಬಿಣ, ಸುಣ್ಣದ ಅಂಶ, ಎರಡು ಬಿ ವಿಟಮಿನ್ ಸೇರಿಸಬೇಕು ಎಂಬ ನಿಯಮ ಉಳಿಯಿತು. ಇಡೀ ಗೋಧಿ ಹಿಟ್ಟಿಗೆ ಆ ನಿಯಮವಿಲ್ಲ. 1961ರಲ್ಲಿ ಬೇಗ ಬ್ರೆಡ್ ಮಾಡುವ ಚೋರ್ಲಿವುಡ್ ವಿಧಾನ ಬಂದು, ಹಿಟ್ಟು ಹೊತ್ತು ಹೋದವರು ನಾಲ್ಕು ಗಂಟೆಯೊಳಗೆ ಬ್ರೆಡ್ ಹೊತ್ತು ಬರುವಂತಾಯಿತು. ಇನ್ನೇನು, ಎಲ್ಲೆಲ್ಲೂ ಬಿಳಿ.

ಕಂದು ಬ್ರೆಡ್ಡಿಗೆ ಮರುಜೀವ ಬಂದದ್ದು ಆಫ್ರಿಕಾ ಕಡೆಯಿಂದ. ಡೆನಿಸ್ ಬರ್ಕಿಟ್ ಎಂಬ ಸರ್ಜನ್ ವರ್ಷಗಟ್ಟಲೆ ಉಗಾಂಡಾದಲ್ಲಿದ್ದವರು. ಒಂದು ಬಗೆಯ ಕ್ಯಾನ್ಸರಿಗೆ ಅವರದೇ ಹೆಸರಿದೆ. ಬ್ರಿಟನ್ನಿನಲ್ಲಿ ಮಾಮೂಲಿಯಾಗಿದ್ದ ಕರುಳಿನ ಎಷ್ಟೋ ಕಾಯಿಲೆಗಳು ಅಲ್ಲಿನ ಹಳ್ಳಿಗರಲ್ಲಿ ಅಪರೂಪ ಎಂಬುದು ಅವರ ಕಣ್ಣಿಗೆ ಬಿತ್ತು. ವ್ಯತ್ಯಾಸ ನಾರಿನಲ್ಲಿದೆ ಎಂದು 1970ರ ದಶಕದಲ್ಲಿ ಊರೂರು ಸುತ್ತಿ ಹೇಳಿದರು. ಮಕ್ಕಳ ಎತ್ತರ ಅಳೆದವರು ಕೇಳದ ಪ್ರಶ್ನೆ ಇದು. ನಡುವಯಸ್ಸಿನವರ ಕರುಳು ಹೇಗಿದೆ ಎಂದು ಯಾರು ನೋಡಿದ್ದರು? ಫೈಬರ್ ಎಂಬ ಪದ ಮನೆಮನೆಗೆ ಹೋಯಿತು. ಆಲಿನ್ಸನ್ ಕಂಪನಿಯ ಘೋಷಣೆಗೂ ಬೆಲೆ ಬಂತು. ಅದು ಅಚ್ಚ ಯಾರ್ಕ್‌ಶೈರ್ ಆಡುಮಾತಿನಲ್ಲಿತ್ತು. ನಮ್ಮ ಧಾರವಾಡದ ಕಡೆಯ ಮಾತಿನಲ್ಲಿ ಹೇಳುವುದಾದರೆ, 'ಏನೂ ತಗದಿಲ್ಲ ನೋಡ್ರಿ ಇದರಾಗ!'

ಇದನ್ನೆಲ್ಲ ಓದುವಾಗ ನಮ್ಮ ಬೀದಿಯ ಗಿರಣಿ ನೆನಪಾಗದೆ ಇರುವುದಿಲ್ಲ. ಡಬ್ಬಿಯಲ್ಲಿ ಗೋಧಿ ಒಯ್ದು, ಕಲ್ಲಿನಲ್ಲಿ ಬೀಸಿದ ಬಿಸಿ ಹಿಟ್ಟು ತರುತ್ತೇವೆ. ಅಲ್ಲಿನವರು ಆಂದೋಲನ ಮಾಡಿ ಪಡೆದದ್ದು ಇಲ್ಲಿ ದಿನದ ವ್ಯವಹಾರ. ರಾಗಿಯದು ಇನ್ನೂ ಸ್ವಾರಸ್ಯ. ಅದರ ಸಿಪ್ಪೆ ಮೆತ್ತನೆಯ ತಿರುಳಿಗೆ ಎಷ್ಟು ಗಟ್ಟಿಯಾಗಿ ಅಂಟಿದೆ ಎಂದರೆ ಅಕ್ಕಿಯ ಹಾಗೆ ಪಾಲಿಷ್ ಮಾಡಲು ಆಗುವುದಿಲ್ಲ. ಮುದ್ದೆ ತಿನ್ನುವವರು ಬಯಸಿದರೂ ಬಯಸದಿದ್ದರೂ ಇಡೀ ಧಾನ್ಯವನ್ನೇ ತಿಂದರು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿಯನ್ನು ಆವಿಯಲ್ಲಿ ಬೇಯಿಸಿ, ಒಣಗಿಸಿ, ಗಟ್ಟಿ ಮಾಡಿ ಸಿಪ್ಪೆ ಬಿಡಿಸುವ ದಾರಿಯನ್ನೂ ಕಂಡುಹಿಡಿದರು ಅನ್ನಿ.

ಕ್ಯಾಸಲ್‌ಫರ್ಡ್‌ನ ಕ್ವೀನ್ಸ್ ಮಿಲ್ ಈಗ ಹಿಟ್ಟಿನ ಕಂಪನಿಯ ಕೈಯಲ್ಲಿಲ್ಲ. 2013ರಲ್ಲಿ ಊರಿನ ಪರಂಪರೆ ಟ್ರಸ್ಟ್ ಅದನ್ನು ಕೊಂಡಿತು. ಆಲಿನ್ಸನ್ ಬ್ರ್ಯಾಂಡು ಅಸೋಸಿಯೇಟೆಡ್ ಬ್ರಿಟಿಷ್ ಫುಡ್ಸ್ ಎಂಬ ದೈತ್ಯ ಕಂಪನಿಯದು. ಟ್ವೈನಿಂಗ್ಸ್ ಚಹಾ, ಪ್ರೈಮಾರ್ಕ್ ಬಟ್ಟೆ ಅಂಗಡಿ ಎಲ್ಲಾ ಅವರದೇ. 2025ರ ಆಗಸ್ಟಿನಲ್ಲಿ ಅವರು ಹೋವಿಸ್ ಕಂಪನಿಯನ್ನೂ ಕೊಳ್ಳುವ ಒಪ್ಪಂದ ಪ್ರಕಟಿಸಿದರು.

ಬ್ರಿಟನ್ನಿನ ಸೂಪರ್‌ಮಾರ್ಕೆಟ್ಟಿನ ಹಿಟ್ಟಿನ ಸಾಲಿನಲ್ಲಿ ಆಲಿನ್ಸನ್ ಹೆಸರಿನ ಹಲವು ಚೀಲಗಳು ಸಿಗುತ್ತವೆ. ಇಡೀ ಗೋಧಿಯದು ಇದೆ, ಕಾಳು ಬೆರೆಸಿದ್ದು ಇದೆ. ಅವುಗಳ ಪಕ್ಕದಲ್ಲೇ, ಅದೇ ಡಾಕ್ಟರ ಹೆಸರಿನಲ್ಲಿ, ಬೂಸಾ ತೆಗೆದು, ಕಣ್ಣು ತೆಗೆದು, ಹಾಲಿನಂತೆ ಬೆಳ್ಳಗಿರುವ ಬ್ರೆಡ್ ಹಿಟ್ಟೂ ಇದೆ.