ಹೊಲದ ಮನೆಯ ಪಾರ್ಟಿ, ಕೋಣೆಯೊಳಗಿನ ಕೆಂಡ

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಹುಡುಗರೆಲ್ಲ ಊರಿಗೆ ಬರುತ್ತಾರೆ. ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಕೆಲಸಕ್ಕೆ ಹೋದವರು. ಹಬ್ಬದ ದಿನ ಮನೆಯವರ ಜೊತೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುತ್ತಾರೆ. ಅದರ ಮುಂದಿನ ಶನಿವಾರ ಗೆಳೆಯರದ್ದು. ಯಾರದೋ ಒಬ್ಬರ ಹೊಲದ ಮನೆ, ಐದಾರು ಜನ, ಒಂದು ದೊಡ್ಡ ಸ್ಪೀಕರ್, ಎರಡು ಕೋಳಿ, ಒಂದಿಷ್ಟು ಬಾಟಲಿ. ಕಲಬುರಗಿಯವರು ಚಿಂಚೋಳಿ ಕಾಡಿನ ಅಂಚಿಗೆ, ಚಂದ್ರಂಪಳ್ಳಿ ಡ್ಯಾಮಿನ ಕಡೆಗೆ ಹೋಗುತ್ತಾರೆ. ಬೀದರಿನವರಿಗೆ ಅಷ್ಟು ದೂರ ಹೋಗುವ ಕೆಲಸವೂ ಇಲ್ಲ, ಊರು ದಾಟಿದರೆ ಸಾಕು.

ಇದಕ್ಕೆ ನನ್ನ ತಕರಾರಿಲ್ಲ. ವರ್ಷವಿಡೀ ಕಂಪ್ಯೂಟರ್ ಮುಂದೆ ಕೂತ ಹುಡುಗರು ಎರಡು ದಿನ ಕೂಗಾಡಿ, ಕುಣಿದು, ತಾರೆ ನೋಡುತ್ತ ಮಲಗಿದರೆ ಒಳ್ಳೆಯದೇ. ಕತ್ತಲಲ್ಲಿ ಬಾವಿ ಹತ್ತಿರ ಹೋಗಬೇಡಿ, ಕುಡಿದು ಗಾಡಿ ಹೊಡೆಯಬೇಡಿ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಗೊತ್ತಿರುವುದೇ. ನಾನು ಎಮರ್ಜೆನ್ಸಿ ವಾರ್ಡಿನ ಡಾಕ್ಟರ್. ಪ್ರತಿ ಚಳಿಗಾಲ ಒಂದೇ ಮಾತನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಈ ಸಲ ಅದನ್ನು ಬರೆದೇ ಹೇಳುತ್ತೇನೆ.

ಮಲಗುವ ಕೋಣೆಯೊಳಗೆ ಕೆಂಡ ತರಬೇಡಿ.

ಇದು ಹೇಗೆ ನಡೆಯುತ್ತದೆ ಅಂತ ನನಗೆ ಈಗ ಬಾಯಿಪಾಠ. ಸಂಜೆ ಹೊರಗೆ ಬೆಂಕಿ ಹಾಕುತ್ತಾರೆ. ತೊಗರಿ ಕಟ್ಟಿಗೆ, ಇದ್ದಿಲು, ಕೋಳಿ ಸುಡುವುದು, ಹಾಡು. ಹನ್ನೆರಡು ಗಂಟೆ ದಾಟಿದ ಮೇಲೆ ಚಳಿ ಏರುತ್ತದೆ. ಬೀದರ್ ಕಡೆ ಡಿಸೆಂಬರ್, ಜನವರಿಯಲ್ಲಿ ಪಾರಾ 10 ಡಿಗ್ರಿಗಿಂತ ಕೆಳಗೆ ಇಳಿಯುವ ರಾತ್ರಿಗಳು ಇದ್ದೇ ಇರುತ್ತವೆ. ಶಹಾಬಾದ್ ಪರಸಿ ಹಾಸಿದ ನೆಲ ಮಂಜುಗಡ್ಡೆ ಆಗಿರುತ್ತದೆ. ಆಗ ಯಾರೋ ಒಬ್ಬ, ಗುಂಪಿನಲ್ಲಿ ಜವಾಬ್ದಾರಿ ಇರುವವನೇ, ಎದ್ದು ಉಳಿದ ಕೆಂಡವನ್ನು ಕಬ್ಬಿಣದ ಬುಟ್ಟಿಗೆ ಹಾಕಿ ಒಳಗೆ ತಂದು ನಡುವೆ ಇಡುತ್ತಾನೆ. ಕಿಟಕಿ, ಬಾಗಿಲು ಮುಚ್ಚುತ್ತಾನೆ. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕುತ್ತಾನೆ. ಎಲ್ಲರೂ ಸುತ್ತ ಮಲಗುತ್ತಾರೆ.

ಬೆಳಿಗ್ಗೆ ಅವರನ್ನು ನಮ್ಮ ಹತ್ತಿರ ತರುತ್ತಾರೆ. ಎಲ್ಲರನ್ನೂ ಅಲ್ಲ, ತರಲು ಯಾರಾದರೂ ಎಚ್ಚರ ಇದ್ದರೆ.

ಏನಪ್ಪಾ, ಒಳಗೆ ಬೆಂಕಿ ಇಟ್ಟಿದ್ದಿರಾ ಅಂತ ಕೇಳಿದರೆ ಬರುವ ಉತ್ತರವೂ ಒಂದೇ. "ಹೊಗಿ ಇದ್ದಿಲ್ಲ ರೀ ಸರ್. ಹೊಗಿ ಎಲ್ಲಾ ಹೊರಗೇ ಹೋದ ಮ್ಯಾಲೆ, ಬರೇ ಕೆಂಡ ಒಳಗ ತಂದೀವಿ." ಓದಿದವರು, ಇಂಜಿನಿಯರುಗಳು ಹೀಗೆ ಹೇಳುತ್ತಾರೆ. ಅವರ ತಲೆಯಲ್ಲಿ ಅಪಾಯ ಅಂದರೆ ಹೊಗೆ. ಕಣ್ಣು ಉರಿಯಬೇಕು, ಕೆಮ್ಮು ಬರಬೇಕು. ಅವೆರಡೂ ಇಲ್ಲ ಅಂದರೆ ಸುರಕ್ಷಿತ.

ಈ ಒಂದು ತಪ್ಪು ತಿಳುವಳಿಕೆಯನ್ನು ಬಿಡಿಸಲು ನಾನು ಸ್ವಲ್ಪ ಉದ್ದ ಹೇಳಬೇಕು, ಸಹಿಸಿಕೊಳ್ಳಿ.

ಕೊಲ್ಲುವುದು ಕಾರ್ಬನ್ ಮೊನಾಕ್ಸೈಡ್ ಅನ್ನುವ ಅನಿಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಸುವುದಿಲ್ಲ. ಅದು ಹುಟ್ಟುವುದಕ್ಕೆ ಹೊಗೆ ಬೇಕಾಗಿಲ್ಲ. ಬುಟ್ಟಿಯಲ್ಲಿ ಗಾಳಿ ಸಿಕ್ಕ ಕಡೆ ಇದ್ದಿಲು ಚೆನ್ನಾಗಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಮೇಲೆ ಬರುವಾಗ ನಿಗಿನಿಗಿ ಕೆಂಡಗಳ ನಡುವೆಯೇ ಹಾದು ಬರಬೇಕು. ಆ ಕಾವಿನಲ್ಲಿ ಅದಕ್ಕೆ ಇನ್ನೊಂದಿಷ್ಟು ಕಾರ್ಬನ್ ಸೇರಿ, ಮೇಲೆ ಬರುವ ಹೊತ್ತಿಗೆ ಮೊನಾಕ್ಸೈಡ್ ಆಗಿರುತ್ತದೆ. ಕೆಂಡದ ಮೇಲೆ ಸಣ್ಣಗೆ ನೀಲಿ ಉರಿ ಆಡುವುದನ್ನು ನೀವೆಲ್ಲ ನೋಡಿದ್ದೀರಿ, ಅಲ್ವಾ? ಅದು ಈ ಅನಿಲವೇ ಹೊತ್ತಿ ಉರಿಯುವುದು. ನೀಲಿ ಉರಿ ಆರಿ, ಮೇಲೆ ಬೂದಿ ಕಟ್ಟಿದಾಗ ಜನ "ಈಗ ಸರಿ ಆಯ್ತು, ಒಳಗೆ ತಗೊಂಡು ಹೋಗೋಣ" ಅನ್ನುತ್ತಾರೆ. ಅನಿಲ ಬರುವುದು ನಿಂತಿರುವುದಿಲ್ಲ. ಮೊದಲು ಉರಿದು ಹೋಗುತ್ತಿದ್ದದ್ದು ಈಗ ಉರಿಯದೆ ಹಾಗೇ ಕೋಣೆ ಸೇರುತ್ತದೆ.

ಎಷ್ಟು ಬೇಕು? ಗಾಳಿಯ 10 ಲಕ್ಷ ಪಾಲಿನಲ್ಲಿ ಈ ಅನಿಲ 800 ಪಾಲು ಇದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆಸುತ್ತು, ವಾಕರಿಕೆ. ಎರಡು ಗಂಟೆಯೊಳಗೆ ಎಚ್ಚರ ತಪ್ಪುತ್ತದೆ. 1600 ಪಾಲು ಆದರೆ ಇಪ್ಪತ್ತು ನಿಮಿಷಕ್ಕೆ ತಲೆನೋವು ಶುರು, ಎರಡು ಗಂಟೆಯೊಳಗೆ ಸಾವು ಬರಬಹುದು. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರದ ಕೋಣೆ ಲೆಕ್ಕಕ್ಕೆ ಹಿಡಿಯಿರಿ. ಅದರಲ್ಲಿ 1600 ಪಾಲು ಆಗಲು ಸುಮಾರು 36 ಲೀಟರ್ ಅನಿಲ ಸಾಕು. ಪೂರ್ತಿ ಮುಚ್ಚಿದ ಕೋಣೆಯಾದರೆ, ಇಪ್ಪತ್ತು ಗ್ರಾಂ ಆಸುಪಾಸಿನ ಇದ್ದಿಲು ಅರೆಬರೆ ಉರಿದರೆ ಅಷ್ಟು ಹುಟ್ಟುತ್ತದೆ. ಒಂದು ಮುಷ್ಟಿಯೂ ಬೇಡ. ನೀವು ಒಳಗೆ ತರುವ ಬುಟ್ಟಿಯಲ್ಲಿ ಕಿಲೋಗಟ್ಟಲೆ ಇರುತ್ತದೆ. ನಿಜವಾದ ಕೋಣೆಯಲ್ಲಿ ಸಂದಿಗೊಂದಿ ಇರುವುದರಿಂದ ಲೆಕ್ಕ ಆಚೀಚೆ ಆಗುತ್ತದೆ, ಒಪ್ಪುತ್ತೇನೆ. ಆದರೆ ಆ ಸಂದಿಗೂ ಗೋಣಿಚೀಲ ತುರುಕಿದವರು ನೀವೇ.

ದೇಹದೊಳಗೆ ಏನಾಗುತ್ತದೆ ಅನ್ನುವುದನ್ನು ಕಲಬುರಗಿ ಬಸ್ ಸ್ಟ್ಯಾಂಡ್ ನೋಡಿದವರಿಗೆ ಹೇಳುವುದು ಸುಲಭ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದುಬಿಡುತ್ತಾರೆ. ಆಮೇಲೆ ಬಾಗಿಲಿನಿಂದ ಹತ್ತಿದವರು ನಿಂತೇ ಹೋಗಬೇಕು. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಆಕ್ಸಿಜನ್ ಕೂರಬೇಕಾದ ಸೀಟನ್ನು ಈ ಅನಿಲ ಹೀಗೆ ಹಿಡಿಯುತ್ತದೆ. ಅದರ ಹಿಡಿತ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ. ಈ ಅನಿಲ ಹೀಗೆ ಆಕ್ಸಿಜನ್‌ನ ಸೀಟು ಹಿಡಿಯುವುದನ್ನು ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ 1857ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದ. ಉಸಿರಾಟ ನಡೆಯುತ್ತಲೇ ಇರುತ್ತದೆ, ಎದೆ ಏರಿಳಿಯುತ್ತಲೇ ಇರುತ್ತದೆ. ಮೆದುಳಿಗೆ, ಹೃದಯಕ್ಕೆ ಮಾತ್ರ ಆಕ್ಸಿಜನ್ ಮುಟ್ಟುವುದಿಲ್ಲ.

ಇನ್ನು ಕುಡಿತದ ವಿಷಯ. ಕುಡಿಯುವುದು ತಪ್ಪು ಅಂತ ಹೇಳಲು ಇದನ್ನು ತರುತ್ತಿಲ್ಲ. ತೊಂದರೆ ಬೇರೆ. ಈ ವಿಷದ ಮೊದಲ ಲಕ್ಷಣ ತಲೆನೋವು, ವಾಂತಿ, ಕಾಲು ತೊಡರುವುದು, ಮಾತು ಎಳೆಯುವುದು. ಜಾಸ್ತಿ ಕುಡಿದವನ ಲಕ್ಷಣವೂ ಅವೇ. ರಾತ್ರಿ ಒಬ್ಬ ಎದ್ದು ವಾಂತಿ ಮಾಡಿಕೊಂಡರೆ ಉಳಿದವರು ನಕ್ಕು, ಇವನಿಗೆ ಏರಿದೆ ಅಂತ ಮತ್ತೆ ಅದೇ ಕೋಣೆಯಲ್ಲಿ, ಕೆಂಡದ ಪಕ್ಕದಲ್ಲೇ ಮಲಗಿಸುತ್ತಾರೆ.

ಒಂದು ಜನವರಿಯಲ್ಲಿ ಹೀಗೇ ಒಂದು ಗುಂಪು ಬಂತು. ಒಬ್ಬ ಹುಡುಗ ಎಚ್ಚರ ಇಲ್ಲದೆ ಸ್ಟ್ರೆಚರ್ ಮೇಲಿದ್ದ. ಇಬ್ಬರು ಗೋಡೆ ಹಿಡಿದು ನಿಂತಿದ್ದರು. "ಕುಡದದ್ದು ಜಾಸ್ತಿ ಆಗ್ಯಾದ ರೀ, ಗ್ಲೂಕೋಸ್ ಹಾಕಿ ಬಿಡ್ರಿ" ಅಂತ ಒಬ್ಬನ ವರಾತ. ಮೂಲೆಯಲ್ಲಿ ಇನ್ನೊಬ್ಬ ಹುಡುಗ ತಲೆ ಹಿಡಿದು ಕೂತಿದ್ದ. ನಿನಗೇನಾಯ್ತಪ್ಪಾ ಅಂದೆ. "ತಲಿ ಸಿಡಿಲಾಕತ್ತದ ರೀ" ಅಂದ. ನೀನೂ ಕುಡಿದಿದ್ದೆಯಾ ಅಂದರೆ ಅಲ್ಲಿದ್ದವರೆಲ್ಲ ಒಟ್ಟಿಗೆ, "ಇವ ಮುಟ್ಟಂಗಿಲ್ಲ ರೀ, ಮಾಲಿ ಹಾಕ್ಯಾನ" ಅಂದರು. ಅಯ್ಯಪ್ಪನ ಮಾಲೆ ಹಾಕಿದ ಹುಡುಗ, ಗೆಳೆಯರ ಜೊತೆ ಬರೀ ಹರಟೆಗೆ ಹೋದವನು. ಕುಡಿಯದವನಿಗೂ ಕುಡಿದವರಷ್ಟೇ ತಲೆನೋವು ಇದ್ದರೆ ಕಾರಣ ಬಾಟಲಿಯಲ್ಲಿ ಇರುವುದಿಲ್ಲ. ಎಲ್ಲರಿಗೂ ಆಕ್ಸಿಜನ್ ಮಾಸ್ಕ್ ಹಾಕಿದೆವು. ಆ ಸಲ ಎಲ್ಲರೂ ನಡೆದುಕೊಂಡೇ ಮನೆಗೆ ಹೋದರು. ಹಾಗೆ ಹೋಗದವರನ್ನೂ ನಾನು ನೋಡಿದ್ದೇನೆ. ಅವರ ಅಪ್ಪಂದಿರು ವಾರ್ಡಿನ ಬಾಗಿಲಲ್ಲಿ ನನ್ನ ಕೈ ಹಿಡಿದು, ಬೆಂಕಿ ಕಾಯಿಸಿಕೊಂಡರೆ ಮನುಷ್ಯ ಸಾಯ್ತಾನೇನು ಸಾಹೇಬ್ರ ಅಂತ ಕೇಳಿದ್ದಾರೆ. ಮೈಮೇಲೆ ಒಂದು ಸುಟ್ಟ ಗಾಯ ಇಲ್ಲದ ಮಗನ ಬಗ್ಗೆ ಅವರಿಗೆ ಏನು ಅಂತ ವಿವರಿಸುವುದು?

ಬೆರಳಿಗೆ ಹಾಕುವ ಆಕ್ಸಿಮೀಟರ್ ಬಗ್ಗೆ ಎರಡು ಮಾತು. ಕೋವಿಡ್ ಆದಮೇಲೆ ಸುಮಾರು ಮನೆಗಳಲ್ಲಿ ಅದು ಇದೆ. ಈಗ ಅದನ್ನು ಹಾಕಿ ನೋಡಿ, "98 ತೋರಿಸ್ತದ ರೀ, ಆಕ್ಸಿಜನ್ ಬರೋಬರಿ ಅದಾ" ಅನ್ನುತ್ತಾರೆ. ಆ ಮಷೀನು ರಕ್ತದ ಬಣ್ಣ ನೋಡಿ ಲೆಕ್ಕ ಹೇಳುತ್ತದೆ. ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೂಡ ಅದಕ್ಕೆ ಆಕ್ಸಿಜನ್ ಇದ್ದ ಹಾಗೇ ಕೆಂಪಗೆ ಕಾಣುತ್ತದೆ. ಹಾಗಾಗಿ ಇಂಥ ಹೊತ್ತಿನಲ್ಲಿ ಆ 98ನ್ನು ನಂಬಬೇಡಿ. ಸರಿಯಾಗಿ ತಿಳಿಯಲು ರಕ್ತ ತೆಗೆದು ಬೇರೆ ಪರೀಕ್ಷೆ ಮಾಡಬೇಕು. ಆ ಸೌಲಭ್ಯ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಇಲ್ಲದಿದ್ದರೂ ಚಿಕಿತ್ಸೆ ನಿಲ್ಲಬಾರದು. ಸುಮ್ನೆ ಹೊರಗಿನ ಗಾಳಿ ಉಸಿರಾಡಿದರೆ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಮಾಸ್ಕ್‌ನಲ್ಲಿ ಪೂರ್ತಿ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕಾಗಬಹುದು.

ನಾನು ಇಷ್ಟು ಹೇಳಿದ ಮೇಲೂ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು, ಕಿಟಕಿ ಸ್ವಲ್ಪ ತೆರೆದಿಟ್ಟರೆ? ಎಷ್ಟು ತೆರೆದರೆ ಸಾಕು ಅಂತ ನಾನು ಹೇಳಲಾರೆ, ಯಾವ ಡಾಕ್ಟರೂ ಹೇಳಬಾರದು. ಗಾಳಿ ಯಾವ ಕಡೆಗೆ, ಕೆಂಡ ಎಷ್ಟು, ಜನ ಎಷ್ಟು ಅನ್ನುವುದರ ಮೇಲೆ ಅದು ನಿಂತಿದೆ. ಮೇಲಾಗಿ, ಚಳಿ ಆಯ್ತು ಅಂತ ರಾತ್ರಿ ಎರಡಕ್ಕೆ ಯಾರೋ ಎದ್ದು ಆ ಕಿಟಕಿಯನ್ನು ಮುಚ್ಚಿರುತ್ತಾರೆ. ಈ ಅನಿಲದ ತೂಕ ಗಾಳಿಯಷ್ಟೇ, ಕೂದಲೆಳೆ ಕಮ್ಮಿ. ಕೋಣೆಯ ತುಂಬ ಬೆರೆತುಕೊಳ್ಳುತ್ತದೆ. ಮಂಚದ ಮೇಲೆ ಮಲಗಿದರೂ ಅಷ್ಟೇ, ನೆಲದ ಮೇಲೆ ಮಲಗಿದರೂ ಅಷ್ಟೇ. ಪಕ್ಕದಲ್ಲಿ ಬಕೆಟ್ ನೀರು ಇಡುವುದು, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು, ಇವು ಯಾವುದೂ ಇದನ್ನು ತಡೆಯುವುದಿಲ್ಲ.

ಎರಡನೆಯದು ಅಜ್ಜಿಯ ಮಾತು. "ನಮ್ಮ ಆಯಿ ಜೀವಮಾನವಿಡೀ ಮಗ್ಗಲಿಗೆ ಶೇಗಡಿ ಇಟ್ಕೊಂಡೇ ಮಲಗ್ಯಾಳ ರೀ, ಏನೂ ಆಗಿಲ್ಲ." ಇರಬಹುದು. ಆಯಿ ಮಲಗಿದ್ದು ಹಳೆಯ ಮಾಳಿಗೆ ಮನೆಯಲ್ಲಿ. ಮೇಲೆ ಬೆಳಕಿಂಡಿ, ಅದಕ್ಕೆ ಮುಚ್ಚಳವೂ ಇಲ್ಲ. ಬಾಗಿಲಿನ ಹಲಗೆ ನಡುವೆ ಬೆರಳು ತೂರುವಷ್ಟು ಸಂದಿ. ನಿಮ್ಮ ಹೊಲದ ಮನೆಗೆ ಈಗ ಆರ್‌ಸಿಸಿ ಸ್ಲ್ಯಾಬು, ಸ್ಲೈಡಿಂಗ್ ಕಿಟಕಿ, ರಬ್ಬರ್ ಪಟ್ಟಿ. ಆಯಿಗೂ ಎಷ್ಟು ಮುಂಜಾನೆ ತಲೆನೋವು ಇತ್ತು ಅಂತ ಯಾರೂ ಕೇಳಿರಲಿಕ್ಕಿಲ್ಲ.

ಹಿಮ ಬೀಳುವ ಊರುಗಳಲ್ಲಿ ಮರದ ಕ್ಯಾಬಿನ್ ಒಳಗೆ ಗೆಳೆಯರು ಬೆಂಕಿ ಸುತ್ತ ಕೂತ ವಿಡಿಯೊಗಳನ್ನು ಹುಡುಗರು ನನಗೆ ತೋರಿಸುತ್ತಾರೆ. ಸರಿಯಾಗಿ ನೋಡಿ. ಅಲ್ಲಿ ಒಲೆಗೆ ಬಾಗಿಲು ಇದೆ, ಛಾವಣಿ ದಾಟಿ ಮೇಲೆ ಹೋಗುವ ಚಿಮಣಿ ಇದೆ. ಅನಿಲ ಹೆಚ್ಚಾದರೆ ಕೂಗುವ ಸಣ್ಣ ಅಲಾರಂ ಅನ್ನು ಗೋಡೆಗೆ ಹಾಕುವ ರೂಢಿಯೂ ಆ ಕಡೆ ಇದೆ. ಹಾಗಿದ್ದೂ ಅಲ್ಲಿ ಜನ ಸಾಯುತ್ತಾರೆ. ಟೆಂಟಿನೊಳಗೆ ಕೆಂಡ ಇಡುವವರಿಗೂ ಇದೇ ಮಾತು. ವರಾಂಡದಲ್ಲಿ ಜನರೇಟರ್ ಓಡಿಸಿ ಒಳಗೆ ಮಲಗುವವರಿಗೂ, ಶೆಡ್ಡಿನಲ್ಲಿ ಕಾರ್ ಚಾಲೂ ಇಟ್ಟು ಹೀಟರ್ ಹಾಕಿಕೊಂಡು ಮಲಗುವವರಿಗೂ ಇದೇ.

ಹಾಗಾದರೆ ಚಳಿಗೆ ಏನು ಮಾಡಬೇಕು? ಚಳಿ ಜಾಸ್ತಿ ಹತ್ತುವುದು ಕೆಳಗಿನಿಂದ. ಪರಸಿ ಮೇಲೆ ತೆಳ್ಳನೆ ಚಾಪೆ ಹಾಸಿ, ಮೇಲೆ ಮೂರು ರಗ್ಗು ಹೊದ್ದರೆ ಏನೂ ಉಪಯೋಗವಿಲ್ಲ. ಹೊಲದಲ್ಲೇ ಇದ್ದೀರಿ, ಜೋಳದ ಕಣಿಕೆ ಇರುತ್ತದೆ. ಅದನ್ನು ದಪ್ಪಗೆ ಹರಡಿ, ಮೇಲೆ ತಾಡಪತ್ರಿ, ಅದರ ಮೇಲೆ ಕೌದಿ. ತಲೆಗೆ ಟೊಪ್ಪಿಗೆ, ಕಾಲಿಗೆ ಒಣಗಿದ ಸಾಕ್ಸ್. ಕುಡಿದರೆ ಮೈ ಬೆಚ್ಚಗಾಗುತ್ತದೆ ಅನ್ನುವುದು ಬರೀ ಅನಿಸಿಕೆ. ಚರ್ಮದ ರಕ್ತನಾಳ ಅಗಲವಾಗಿ ಬಿಸಿ ಹೊರಗೆ ಹೋಗುತ್ತದೆ, ಮೈಯೊಳಗಿನ ಶಾಖ ಇಳಿಯುತ್ತದೆ. ಬೆಂಕಿಯನ್ನು ಹೊರಗೇ ಎಷ್ಟು ಹೊತ್ತಾದರೂ ಕಾಯಿಸಿಕೊಳ್ಳಿ. ಮಲಗಲು ಏಳುವಾಗ ಕೆಂಡದ ಮೇಲೆ ಎರಡು ಕೊಡ ನೀರು ಸುರಿದು ಏಳಿ. ಸುರಿಯುವ ಕೆಲಸ ಕುಡಿಯದವನ ಮೇಲಿರಲಿ, ಸಂಜೆಯೇ ಹೇಳಿಬಿಡಿ.

ಹಾಗೂ ಆಗಬಾರದ್ದು ಆದರೆ, ಮೊದಲು ಬಾಗಿಲು, ಕಿಟಕಿ ಎಲ್ಲ ತೆಗೆಯಿರಿ. ಬಿದ್ದವರನ್ನು ಹೊರಗೆ ಎಳೆಯಿರಿ. ಒಳಗೆ ನಿಂತು ಎಬ್ಬಿಸುತ್ತ ಕೂರಬೇಡಿ, ನೀವೂ ಬೀಳುತ್ತೀರಿ. 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಸಿರು ಇಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ, ಅಂಬುಲೆನ್ಸ್ ಬರುವವರೆಗೆ ಬಿಡಬೇಡಿ. ಲಿಂಬೆಹಣ್ಣಿನ ಶರಬತ್ತು, ಮಜ್ಜಿಗೆ, ಮುಖಕ್ಕೆ ನೀರು ಎರಚುವುದು, ಇದರಲ್ಲಿ ಹೊತ್ತು ಕಳೆಯಬೇಡಿ. ಒಬ್ಬನಿಗೆ ಆಗಿದೆ ಅಂದರೆ ಆ ಕೋಣೆಯಲ್ಲಿ ಮಲಗಿದ್ದ ಎಲ್ಲರೂ ಆಸ್ಪತ್ರೆಗೆ ಬರಬೇಕು, ಚೆನ್ನಾಗಿದ್ದೇನೆ ಅನ್ನುವವನೂ.

ಮನೆಗೆ ಹೋದ ಮೇಲೂ ಒಂದು ತಿಂಗಳು ಕಣ್ಣಿಟ್ಟಿರಿ. ಚೇತರಿಸಿಕೊಂಡವರಲ್ಲಿ ಕೆಲವರಿಗೆ ಕೆಲವು ದಿನ, ಕೆಲವು ವಾರ ಬಿಟ್ಟು ಮರೆವು ಬರುತ್ತದೆ, ನಡಿಗೆ ತಪ್ಪುತ್ತದೆ, ಸ್ವಭಾವ ಬದಲಾಗುತ್ತದೆ. ಮನೆಯವರು ಟೆನ್ಶನ್ ಇರಬೇಕು ಅಂದುಕೊಂಡು ಸುಮ್ಮನಿರುತ್ತಾರೆ. ಹಾಗೆ ಕಂಡರೆ ಮತ್ತೆ ಕರೆತನ್ನಿ.

ಮತ್ತೆ ಒಂದು ಮಾತು. ಆಸ್ಪತ್ರೆಗೆ ಬಂದಾಗ ರಾತ್ರಿ ಒಳಗೆ ಕೆಂಡ ಇತ್ತು ಅನ್ನುವುದನ್ನು ನಾವು ಕೇಳುವ ಮೊದಲೇ ಹೇಳಿ. ಕುಡಿದದ್ದನ್ನೂ ಮುಚ್ಚಿಡಬೇಡಿ. ಅಪ್ಪ, ಕಾಕಾ ಎದುರಿಗೆ ನಿಂತಿರುತ್ತಾರೆ, ಹೇಳಲು ಸಂಕೋಚ ಅಂತ ನನಗೆ ಗೊತ್ತು. ಪಕ್ಕಕ್ಕೆ ಕರೆದು ಹೇಳಿ. ನಾನು ಬೈಯುವುದಿಲ್ಲ.