ಅಳಿವೆಯಲ್ಲಿ ಹಡಗಿಗೆ ತಗಲುವ ಬೆಟ್ಟದ ಮಣ್ಣು

ಜೋರು ಮಳೆ ಹೊಯ್ದ ಮರುದಿನ ಮಲ್ಲಳ್ಳಿ ಜಲಪಾತದ ಎದುರು ನಿಂತು ನೋಡಿ. ನೀರಿಗೆ ಹಾಲು ಹಾಕಿದ ಕಾಫಿಯ ಬಣ್ಣ. ಅದು ಕುಮಾರಧಾರೆ. ಪುಷ್ಪಗಿರಿಯ ಮಣ್ಣು ಹೊತ್ತು ಸುಬ್ರಹ್ಮಣ್ಯದ ಕಡೆ ಇಳಿಯುತ್ತದೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಮಂಗಳೂರಿನಲ್ಲಿ ಕಡಲು ಮುಟ್ಟುತ್ತದೆ. ನಮ್ಮ ಕೊಡಗಿಗೆ ಕಡಲಿಲ್ಲ ನಿಜ, ಆದರೆ ನಮ್ಮ ಮಣ್ಣು ಪ್ರತಿ ಮಳೆಗಾಲ ಅಲ್ಲಿಗೆ ಹೋಗಿಬರುವ ದಾರಿ ಕಂಡುಕೊಂಡಿದೆ. ಬರುವುದೇನು, ಹೋಗುವುದಷ್ಟೇ.

ಒಂದು ಕಾಲಕ್ಕೆ ನಮ್ಮ ಕಾಫಿಯೂ ಹಾಗೇ ಹೋಗುತ್ತಿತ್ತು. ಎತ್ತಿನ ಗಾಡಿಯಲ್ಲಿ ಘಾಟಿ ಇಳಿದು ಮಂಗಳೂರಿಗೋ ತಲಶ್ಶೇರಿಗೋ, ಅಲ್ಲಿಂದ ಹಡಗಿಗೆ. ದೊಡ್ಡ ಹಡಗು ದಡದ ಹತ್ತಿರ ಬರುತ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು, ಮೂಟೆಗಳು ದೋಣಿಯಲ್ಲಿ ಸಾಗುತ್ತಿದ್ದವು. ಮಂಗಳೂರಿನಲ್ಲಿ ಇದಕ್ಕೆ ಕಾರಣ, ಅಳಿವೆ ಬಾಗಿಲಿನ, ಅಂದರೆ ನದಿ ಕಡಲು ಸೇರುವ ಜಾಗದ, ಮರಳ ದಿಬ್ಬ.

ಓಡಿ ಬಂದ ನದಿ ಕಡಲಿಗೆ ಸಿಕ್ಕ ಕೂಡಲೇ ನಿಧಾನವಾಗುತ್ತದೆ. ನಿಧಾನವಾದ ನೀರಿಗೆ ಮರಳು ಹೊರುವ ಶಕ್ತಿ ಇಲ್ಲ, ಅಲ್ಲೇ ಇಳಿಸಿಬಿಡುತ್ತದೆ. ಅತ್ತ ಅಲೆಗಳು ದಡದುದ್ದಕ್ಕೂ ಮರಳು ತಳ್ಳಿಕೊಂಡು ಬಂದು ಅದೇ ಜಾಗಕ್ಕೆ ಸುರಿಯುತ್ತವೆ. ದಿಬ್ಬ ಒಂದೇ ಕಡೆ ಇರುವುದೂ ಇಲ್ಲ. ಹೋದ ವರ್ಷದ ದಾರಿ ಈ ವರ್ಷ ಇರುತ್ತದೆ ಅಂತ ನಂಬುವ ಹಾಗಿಲ್ಲ.

ಈಗ ಕರಾವಳಿಯ ಒಂದು ಸಣ್ಣ ಸರಕಿನ ಸ್ಟೀಮರ್ ಒಳಗೆ ಬರುತ್ತಿದೆ ಅಂದುಕೊಳ್ಳಿ. ಅದರ ತಳ ಕಡಲ ನೀರಿನಲ್ಲಿ 4 ಮೀಟರ್ ಕೆಳಗಿದೆ. ಒಂದು ಲೀಟರ್ ಕಡಲ ನೀರಿನ ತೂಕ ಸುಮಾರು 1025 ಗ್ರಾಂ, ಸಿಹಿ ನೀರಿನದು 1000. ಲೋಟದ ನೀರಿಗೆ ಹಸಿ ಮೊಟ್ಟೆ ಬಿಟ್ಟರೆ ಮುಳುಗುತ್ತದೆ, ಹಿಡಿ ಉಪ್ಪು ಕದಡಿದರೆ ತೇಲುತ್ತದೆ, ಅಲ್ವಾ? ಹಡಗಿಗೂ ಅದೇ ಲೆಕ್ಕ. ಕಡಲಿನಿಂದ ಸಿಹಿ ನೀರಿಗೆ ಬಂದ ಕೂಡಲೇ ಅದು ಇನ್ನೂ 10 ಸೆಂಟಿಮೀಟರ್ ಇಳಿಯುತ್ತದೆ. ಬರೀ ಅರ್ಧ ಗೇಣು. ಆದರೆ ದಿಬ್ಬದ ಮೇಲೆ ಉಳಿದಿರುವ ಜಾಗವೂ ಕೆಲವೊಮ್ಮೆ ಅಷ್ಟೇ.

ಅದರ ಜೊತೆಗೆ ಅಲೆ. ಆಳ ಕಡಿಮೆಯಾದಂತೆ ಅಲೆಯ ವೇಗ ತಗ್ಗುತ್ತದೆ, ಎತ್ತರ ಹೆಚ್ಚುತ್ತದೆ. ಎದುರಿನಿಂದ ನದಿಯ ಸೆಳೆತ ಬಂದರೆ ಇನ್ನೂ ಕಡಿದಾಗುತ್ತದೆ. 2 ಮೀಟರ್ ಅಲೆಯ ತಗ್ಗಿಗೆ ಹಡಗು ಇಳಿದರೆ ಕೆಳಗಿನ ನೀರು ಸುಮಾರು ಒಂದು ಮೀಟರ್ ಕಡಿಮೆ. ಧಡ್ ಅಂತ ತಳ ಬಡಿಯುತ್ತದೆ.

ಸಿಕ್ಕಿಕೊಂಡ ಮೇಲೆ ಕೆಲಸ ಮಾಡುವುದು ನೀರೇ. ಹೊಳೆಯಲ್ಲಿ ನಿಂತಾಗ ಕಾಲಡಿಯ ಮರಳು ಜಾರುವುದು ಗೊತ್ತಲ್ಲ, ಹಾಗೆ ಹಡಗಿನ ಎರಡೂ ತುದಿಯ ಮರಳು ಕೊಚ್ಚಿಹೋಗುತ್ತದೆ. ನಡು ಮಾತ್ರ ದಿಬ್ಬದ ಮೇಲೆ ನಿಲ್ಲುತ್ತದೆ. ತುದಿಗಳ ಭಾರಕ್ಕೆ ಒಂದು ದಿನ ಹಡಗಿನ ಬೆನ್ನೇ ಮುರಿಯುತ್ತದೆ.

ಆಮೇಲೆ ತುಕ್ಕು. ಉಪ್ಪು ನೀರು, ಗಾಳಿ ಎರಡೂ ಸಿಗುವಲ್ಲಿ ತೆಳು ತಗಡು ಬೇಗ ಹೋಗುತ್ತದೆ. ಮರಳಲ್ಲಿ ಹೂತ ಭಾಗಕ್ಕೆ ಆಮ್ಲಜನಕ ಕಡಿಮೆ, ಅದು ಜಾಸ್ತಿ ಬಾಳುತ್ತದೆ. ಹಳೆಯ ಸ್ಟೀಮರ್‌ಗಳಲ್ಲಿ ಕೊನೆಯವರೆಗೂ ಕಾಣುವುದು ಹೆಚ್ಚಾಗಿ ಬಾಯ್ಲರ್. ಉಗಿಯ ಒತ್ತಡ ತಡೆಯಲೆಂದು ಅದನ್ನು ದಪ್ಪ ತಗಡಿನಲ್ಲಿ ಮಾಡಿರುತ್ತಾರೆ. ನೀರು ಇಳಿದಾಗ ಆ ದುಂಡನೆಯ ಕಬ್ಬಿಣ ತಲೆ ಎತ್ತುತ್ತದೆ. ಅದರ ಮರೆಯಲ್ಲಿ ನೀರು ಮತ್ತೆ ನಿಧಾನ, ಅಲ್ಲಿ ಮತ್ತೆ ಮರಳು.