ಚಂದ್ರ ಕರಗುವುದು ಭೂಮಿಯ ನೆರಳಿನಿಂದಲ್ಲ

ಭೂಮಿಯ ನೆರಳು ಬಿದ್ದು ಚಂದ್ರ ದಿನದಿನಕ್ಕೆ ಕರಗುತ್ತಾನೆ ಎಂದು ನಂಬಿದವರು ಓದಿದವರಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ಆ ನೆರಳು ಚಂದ್ರನನ್ನು ಮುಟ್ಟುವುದು ಚಂದ್ರಗ್ರಹಣದಲ್ಲಿ ಮಾತ್ರ, ಅದೂ ಕೆಲವೇ ಗಂಟೆ. ಉಳಿದ ದಿನ ಕಾಣುವ ಕಪ್ಪು ಭಾಗ ಚಂದ್ರನದೇ ರಾತ್ರಿ. ಬಾಯಲ್ಲಿ ಎಷ್ಟು ಹೇಳಿದರೂ ಇದು ತಲೆಗೆ ಹತ್ತುವುದು ಕಷ್ಟ. ಒಂದು ಬಲ್ಬು, ಒಂದು ಥರ್ಮಕೋಲ್ ಚೆಂಡು ಇದ್ದರೆ ಐದು ನಿಮಿಷದ ಕೆಲಸ.

ಕೋಣೆ ಪೂರ್ತಿ ಕತ್ತಲಾಗಿರಲಿ. ತಲೆಯ ಎತ್ತರಕ್ಕೆ ಒಂದೇ ಬಲ್ಬು ಉರಿಸಿ, ಅದರಿಂದ ಎರಡು ಮೀಟರ್ ದೂರ ನಿಲ್ಲಿ. ಟ್ಯೂಬ್‌ಲೈಟ್ ಬೇಡ, ಬೆಳಕು-ಕತ್ತಲೆಯ ಗಡಿ ಮಸುಕಾಗುತ್ತದೆ. ಐದಾರು ಸೆಂ.ಮೀ. ಅಗಲದ ಚೆಂಡಿಗೆ ಪೆನ್ಸಿಲ್ ಚುಚ್ಚಿ ಕೈ ನೀಡಿ ಹಿಡಿಯಿರಿ. ಬಲ್ಬಿಗೆ ಮುಖ ಮಾಡಿದಾಗ ಚೆಂಡಿನ ಬೆಳಗಿದ ಅರ್ಧ ಆಚೆಗಿರುತ್ತದೆ: ಅಮಾವಾಸ್ಯೆ. ನಿಧಾನವಾಗಿ ಎಡಕ್ಕೆ ತಿರುಗುತ್ತಾ ಹೋದರೆ ಬಲ ಅಂಚಿನಲ್ಲಿ ತೆಳು ಗೆರೆ ಮೂಡಿ, ಕಾಲು ಸುತ್ತಿಗೆ ಬಲಭಾಗ ಅರ್ಧ ಬೆಳಗುತ್ತದೆ. (ದಕ್ಷಿಣ ಗೋಳಾರ್ಧದವರಿಗೆ ಎಡಬಲ ಅದಲುಬದಲು. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಸಂಜೆಯ ಎಳೆ ಚಂದ್ರ ದೋಣಿಯ ಹಾಗೆ ಅಂಗಾತ ಮಲಗಿರುತ್ತಾನೆ.)

ಎಡವಟ್ಟಾಗುವುದು ಅರ್ಧ ಸುತ್ತಿನಲ್ಲಿ. ಬಲ್ಬಿಗೆ ಬೆನ್ನು ಹಾಕುತ್ತಿದ್ದಂತೆ ತಲೆಯ ನೆರಳು ಬಿದ್ದು ಚೆಂಡು ಮಂಕಾಗುತ್ತದೆ, ಹುಣ್ಣಿಮೆಯ ಜಾಗದಲ್ಲಿ ಗ್ರಹಣ! ತಪ್ಪು ಅಳತೆಯದು. ತಲೆಯನ್ನು 20 ಸೆಂ.ಮೀ. ಅಗಲದ ಭೂಮಿ ಎಂದುಕೊಂಡರೆ ಐದೂವರೆ ಸೆಂ.ಮೀ. ಚಂದ್ರ ಆರು ಮೀಟರ್ ಆಚೆ ಇರಬೇಕು. ಕೈಯ ಉದ್ದ ಅದರ ಹತ್ತನೇ ಒಂದು ಪಾಲು. ಹಾಗಾಗಿ ಚೆಂಡನ್ನು ತಲೆಗಿಂತ ತುಸು ಮೇಲೆತ್ತಿ ಹಿಡಿಯಬೇಕು, ಪೂರ್ಣ ಬಿಂಬ ಕಾಣುತ್ತದೆ. ಇದು ಬರೀ ಅಡ್ಡದಾರಿ ಅಲ್ಲ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಸರಾಸರಿ 3,84,400 ಕಿ.ಮೀ. ದೂರದಲ್ಲಿ ಆ ಓರೆ ಎಂದರೆ 34,000 ಕಿ.ಮೀ.ವರೆಗೆ ಮೇಲೆ ಅಥವಾ ಕೆಳಗೆ. ಅಲ್ಲಿ ಭೂಮಿಯ ದಟ್ಟ ನೆರಳಿನ ಅಗಲ ಹೆಚ್ಚುಕಡಿಮೆ 9,000 ಕಿ.ಮೀ. ಮಾತ್ರ. ಬಹುಪಾಲು ಹುಣ್ಣಿಮೆಗಳಲ್ಲಿ ಚಂದ್ರ ಅದನ್ನು ತಪ್ಪಿಸಿಕೊಂಡೇ ಹೋಗುತ್ತಾನೆ.

ಚಂದ್ರ ಹುಟ್ಟುವ ಹೊತ್ತೂ ಇದರಿಂದಲೇ ತಿಳಿಯುತ್ತದೆ. ಬೆಳೆಯುವ ಅರ್ಧಚಂದ್ರ ಹುಟ್ಟುವುದು ಮಧ್ಯಾಹ್ನದ ಸುಮಾರಿಗೆ, ಮುಳುಗುವುದು ನಡುರಾತ್ರಿಗೆ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವಾಗಲೇ ಹುಟ್ಟುತ್ತಾನೆ. ಮಕ್ಕಳ ಪುಸ್ತಕಗಳಲ್ಲಿ ನಡುರಾತ್ರಿ ನೆತ್ತಿಯ ಮೇಲೆ ಬಿದಿಗೆ ಚಂದ್ರನನ್ನು ಬರೆಯುವವರು ಇಷ್ಟನ್ನಾದರೂ ಗಮನಿಸಬೇಕು.

ಈಗ ಚೆಂಡಿನ ಮೇಲೆ, ನಿಮ್ಮ ಕಡೆಗೆ, ಪೆನ್ನಿನಿಂದ ಒಂದು ಚುಕ್ಕೆ ಇಟ್ಟು ಮತ್ತೆ ಸುತ್ತಿ. ಚುಕ್ಕೆ ಸದಾ ನಿಮ್ಮತ್ತಲೇ ಇರುತ್ತದೆ. ಬಲ್ಬಿನ ಬಳಿ ನಿಂತು ನೋಡುವವರಿಗೆ ಮಾತ್ರ ಚೆಂಡು ಒಂದು ಪೂರ್ತಿ ಸುತ್ತು ತಿರುಗಿರುತ್ತದೆ. ಚಂದ್ರ ತನ್ನ ಅಕ್ಷದಲ್ಲಿ ತಿರುಗುವುದೇ ಇಲ್ಲ ಎನ್ನುವುದು ಸುಳ್ಳು; ತಿರುಗಲೂ ಭೂಮಿಯನ್ನು ಸುತ್ತಲೂ ಒಂದೇ ಅವಧಿ, 27.3 ದಿನ. ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಸುಮಾರು 27 ಡಿಗ್ರಿ ಮುಂದೆ ಸಾಗಿರುವುದರಿಂದ, ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ ಬೇಕು. ನಮಗೆ ಕಾಣದ ಆಚೆಯ ಮೈ ಸದಾ ಕತ್ತಲಲ್ಲೂ ಇಲ್ಲ, ಅಲ್ಲಿಯೂ ಎರಡು ವಾರ ಹಗಲು. ಅದರ ಮೊದಲ ಚಿತ್ರ ಕಳಿಸಿದ್ದು 1959ರಲ್ಲಿ ಸೋವಿಯತ್ ನೌಕೆ ಲೂನಾ 3.

ತಿರುಗುವ ಮತ್ತು ಸುತ್ತುವ ಅವಧಿಗಳ ಈ ಹೊಂದಾಣಿಕೆ ಕಾಕತಾಳೀಯವಲ್ಲ. ಚಂದ್ರನ ಸೆಳೆತದಿಂದ ಸಮುದ್ರದಲ್ಲಿ ಉಬ್ಬರವಿಳಿತ ಆಗುವಂತೆ ಭೂಮಿಯ ಸೆಳೆತದಿಂದ ಚಂದ್ರನ ಘನ ಮೈಯೂ ಉಬ್ಬುತ್ತದೆ. ಆ ಎಳೆದಾಟವೇ ಅದರ ತಿರುಗುವಿಕೆಗೆ ಬಹುಕಾಲದ ಹಿಂದೆ ಬ್ರೇಕ್ ಹಾಕಿತು. ಇತ್ತ ಉಬ್ಬರವಿಳಿತದ ಘರ್ಷಣೆ ಭೂಮಿ ತನ್ನ ಅಕ್ಷದಲ್ಲಿ ತಿರುಗುವ ವೇಗವನ್ನೂ ತಗ್ಗಿಸುತ್ತಿದೆ. ಇಲ್ಲಿ ತಗ್ಗಿದ್ದು ಚಂದ್ರನ ಕಕ್ಷೆಗೆ ಸೇರಿ, ಅವನು ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ. ಅಪೊಲೊ 11, 14, 15ರ ಯಾತ್ರಿಗಳು ಅಲ್ಲಿ ಇಟ್ಟುಬಂದ ಪ್ರತಿಫಲಕಗಳಿಗೆ ಲೇಸರ್ ಬಿಟ್ಟು, ಅದು ಮರಳುವ ಸುಮಾರು ಎರಡೂವರೆ ಸೆಕೆಂಡನ್ನು ಅಳೆದು ಈ ಲೆಕ್ಕ ಹಿಡಿಯುತ್ತಾರೆ.